ದುಬಾರಿ ಕಂಟ್ರೋಲರ್ ಕೊಳ್ಳುವ ಮುಂಚೆ ಇಷ್ಟು ಮಾಡಿ

ಗುರಿ ತಪ್ಪುತ್ತಿದೆ, ಬಟನ್ ಒತ್ತಿದ ಮೇಲೆ ಪಾತ್ರ ತಡವಾಗಿ ಅಲುಗುತ್ತಿದೆ ಅನ್ನಿಸಿದರೆ ಮೊದಲ ಅನುಮಾನ ಬೀಳುವುದು ಕಂಟ್ರೋಲರ್ ಮೇಲೆ. ಪ್ರೀಮಿಯಂ ಕಂಟ್ರೋಲರ್ ತಂದರೆ ಎಲ್ಲ ಸರಿಹೋಗುತ್ತದೆ ಅಂತ ಕೂಡಿಟ್ಟ ದುಡ್ಡನ್ನೆಲ್ಲ ಸುರಿಯುವವರಿದ್ದಾರೆ. ಸ್ವಲ್ಪ ತಡೆಯಿರಿ. ಎಷ್ಟೋ ಸಲ ಆ ತಡ ಬರುವುದು ಆಟ ಓಡಿಸುವ ಪೆಟ್ಟಿಗೆಯಿಂದ, ಅಂದರೆ ಕನ್ಸೋಲ್‌ನಿಂದ, ಇಲ್ಲವೇ ಟಿವಿಯಿಂದ. ಖರ್ಚಿಲ್ಲದ ಕೆಲಸಗಳನ್ನು ಮೊದಲು ಮುಗಿಸೋಣ.

ಆಟದ ಸೆಟ್ಟಿಂಗ್ಸ್ ತೆರೆಯಿರಿ. ಹೆಚ್ಚಿನ ಹೊಸ ಆಟಗಳಲ್ಲಿ ಕ್ವಾಲಿಟಿ, ಪರ್ಫಾರ್ಮೆನ್ಸ್ ಅಂತ ಎರಡು ಮೋಡ್ ಇರುತ್ತವೆ. ಕ್ವಾಲಿಟಿ ಅಂದರೆ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ), ಒಂದೊಂದು ಫ್ರೇಮಿಗೂ ಸುಮಾರು 33 ಮಿಲಿಸೆಕೆಂಡ್. ಪರ್ಫಾರ್ಮೆನ್ಸ್ ಅಂದರೆ 60 ಫ್ರೇಮ್, ಅದರ ಅರ್ಧ ಹೊತ್ತು. ಎಷ್ಟೇ ಬೇಗ ಟ್ರಿಗರ್ ಎಳೆದರೂ ಮುಂದಿನ ಫ್ರೇಮ್ ಬರುವ ತನಕ ಪರದೆ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಪರ್ಫಾರ್ಮೆನ್ಸ್ ಆರಿಸಿ. ಸೋನಿಯ ಪಿಎಸ್5 ಕನ್ಸೋಲಿನಲ್ಲಿ ಗೇಮ್ ಪ್ರಿಸೆಟ್ಸ್ ಅನ್ನುವಲ್ಲಿ ಒಮ್ಮೆ ಇದನ್ನು ಹಾಕಿಟ್ಟರೆ, ಆ ಸೌಲಭ್ಯ ಇರುವ ಆಟಗಳು ಅದನ್ನೇ ಹಿಡಿಯುತ್ತವೆ.

ಕೆಲವು ಆಟಗಳಲ್ಲಿ ಮಾತ್ರ 60 ಸಿಗುವುದೇ ಇಲ್ಲ. ಸ್ಟಾರ್‌ಫೀಲ್ಡ್ 2023ರಲ್ಲಿ ಬಂದಾಗ ಮೈಕ್ರೋಸಾಫ್ಟ್‌ನ ಎರಡೂ ಎಕ್ಸ್‌ಬಾಕ್ಸ್ ಕನ್ಸೋಲ್‌ಗಳಲ್ಲಿ (ಸೀರೀಸ್ ಎಕ್ಸ್, ಸೀರೀಸ್ ಎಸ್) 30ಕ್ಕೇ ನಿಂತಿತ್ತು. ಸೀರೀಸ್ ಎಕ್ಸ್‌ಗೆ 60ರ ಆಯ್ಕೆ ಬಂದದ್ದು 2024ರ ಮೇ ತಿಂಗಳಲ್ಲಿ. ಕಂಪನಿಗಳು ಹೇಳುವ ಟೆರಾಫ್ಲಾಪ್ಸ್ ಲೆಕ್ಕ, ಅಂದರೆ ಸೀರೀಸ್ ಎಸ್‌ಗೆ 4, ಪಿಎಸ್5ಕ್ಕೆ 10.28, ಸೀರೀಸ್ ಎಕ್ಸ್‌ಗೆ 12, ಇದೆಲ್ಲ ಗ್ರಾಫಿಕ್ಸ್‌ನ ಶಕ್ತಿ ಮಾತ್ರ. ಊರು ತುಂಬ ಜನ ಓಡಾಡುವುದು, ಶತ್ರುಗಳು ಯೋಚಿಸುವುದು, ವಸ್ತುಗಳು ಬಿದ್ದು ಉರುಳುವುದು ಮುಖ್ಯ ಪ್ರೊಸೆಸರ್ ಆದ ಸಿಪಿಯು ಕೆಲಸ. ಮೂರರಲ್ಲೂ ಇರುವುದು ಎಎಂಡಿ ಕಂಪನಿಯ ಎಂಟು ಕೋರ್‌ನ ಝೆನ್ 2 ಸಿಪಿಯು. 2024ರ ನವೆಂಬರ್‌ನಲ್ಲಿ ಬಂದ ಪಿಎಸ್5 ಪ್ರೋದಲ್ಲೂ ಗ್ರಾಫಿಕ್ಸ್ ತುಂಬಾ ಬೆಳೆಯಿತು, ಸಿಪಿಯು ಹೆಚ್ಚುಕಮ್ಮಿ ಅದೇ ಉಳಿಯಿತು. ಸಿಪಿಯು ಸುಸ್ತಾಗಿ 30ಕ್ಕೆ ನಿಂತ ಆಟವನ್ನು ಯಾವ ಕಂಟ್ರೋಲರ್ ಕೂಡ ಮೇಲೆತ್ತಲಾರದು.

ಆಮೇಲೆ ಟಿವಿ. ಚಿತ್ರ ತಿದ್ದುವ ಕೆಲಸ ಕಡಿಮೆ ಮಾಡಿ ತಡ ತಗ್ಗಿಸುವ ಗೇಮ್ ಮೋಡ್ ಹಾಕಿ, ಇದೊಂದರಿಂದಲೇ ಕೈಗೆ ಗೊತ್ತಾಗುವಷ್ಟು ವ್ಯತ್ಯಾಸ ಬರುತ್ತದೆ. 120 ಹರ್ಟ್ಸ್ ಟಿವಿ ಇದ್ದರೆ ಕನ್ಸೋಲಿನಲ್ಲೂ 120 ಮತ್ತು ವಿಆರ್‌ಆರ್ (ಟಿವಿಯ ವೇಗವನ್ನು ಆಟದ ಫ್ರೇಮ್ ವೇಗಕ್ಕೆ ಹೊಂದಿಸುವ ಸೌಲಭ್ಯ) ಆನ್ ಮಾಡಿ. ಆಗ ಕೆಲವು ಆಟಗಳಲ್ಲಿ 40 ಫ್ರೇಮ್‌ನ ಮೋಡ್ ಕೂಡ ಸಿಗುತ್ತದೆ. ಒಂದು ಫ್ರೇಮಿಗೆ 25 ಮಿಲಿಸೆಕೆಂಡ್, ಅಂದರೆ ಸಮಯದ ಲೆಕ್ಕದಲ್ಲಿ 30 ಮತ್ತು 60ರ ಸರಿಯಾಗಿ ನಡುವೆ. ಚಿತ್ರವೂ ಚೆನ್ನಾಗಿರಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಇಷ್ಟಾದ ಮೇಲೂ ತೊಂದರೆ ಇದ್ದರೆ ಈಗ ಸ್ಟಿಕ್, ಅಂದರೆ ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿಯ ಪರೀಕ್ಷೆ. ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಸೇರಿಸಿ, ಬ್ರೌಸರ್‌ನಲ್ಲಿ ಗೇಮ್‌ಪ್ಯಾಡ್ ಟೆಸ್ಟರ್ ತೆರೆಯಿರಿ. ಮೇಜಿನ ಮೇಲಿಟ್ಟು ಕೈ ಬಿಡಿ. ಅಂಕಿ ಸೊನ್ನೆಯ ಹತ್ತಿರ, 0.05ರ ಒಳಗೆ ನಿಂತರೆ ಚಿಂತೆ ಇಲ್ಲ. ಇನ್ನು ಸ್ಟಿಕ್ಕನ್ನು ಒಂದು ಕಡೆಗೆ ಪೂರ್ತಿ ತಳ್ಳಿ ಥಟ್ಟನೆ ಬಿಡಿ, ನಾಲ್ಕೂ ದಿಕ್ಕಿಗೆ ಹೀಗೇ ಮಾಡಿ. ಬಲಕ್ಕೆ ಬಿಟ್ಟಾಗ 0.02, ಎಡಕ್ಕೆ ಬಿಟ್ಟಾಗ 0.14 ಅಂತ ಬಂದರೆ ಅದೇ ಡ್ರಿಫ್ಟ್‌ನ, ಅಂದರೆ ಕೈ ಬಿಟ್ಟರೂ ಆಟದಲ್ಲಿ ತಾನೇ ಸರಿಯುವ ತೊಂದರೆಯ ಶುರು. ಸದ್ಯಕ್ಕೆ ಆಟದಲ್ಲಿ ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಿಸದ ಜಾಗ) ಸ್ವಲ್ಪ ಜಾಸ್ತಿ ಮಾಡಿ ಆಡಬಹುದು, ಆದರೆ ಸಣ್ಣ ಸಣ್ಣ ಚಲನೆಗಳು ಕೈತಪ್ಪುತ್ತವೆ.

ಹೀಗೇಕೆ ಆಗುತ್ತದೆ? ಬಹುಪಾಲು ಸ್ಟಿಕ್‌ಗಳ ಒಳಗೆ ಪೊಟೆನ್ಶಿಯೋಮೀಟರ್ ಇರುತ್ತದೆ. ಕಾರ್ಬನ್ ಪಟ್ಟಿಯ ಮೇಲೆ ಪುಟ್ಟ ಲೋಹದ ನಾಲಿಗೆ ಉಜ್ಜುತ್ತಾ ಸ್ಟಿಕ್ ಎಲ್ಲಿದೆ ಅಂತ ಹೇಳುತ್ತದೆ. ಉಜ್ಜಿದಷ್ಟೂ ಪಟ್ಟಿ ಸವೆಯುತ್ತದೆ, ಪುಡಿ ಕೂರುತ್ತದೆ. ಬೇಸರದ ಸಂಗತಿ ಏನೆಂದರೆ ಹಲವು ಹೆಸರಾಂತ ದುಬಾರಿ ಕಂಟ್ರೋಲರ್‌ಗಳಲ್ಲೂ ಇರುವುದು ಇದೇ ತಂತ್ರ. ಹೆಚ್ಚಿನ ದುಡ್ಡು ಹೋಗುವುದು ಹಿಂಬದಿಯ ಬಟನ್, ಟ್ರಿಗರ್ ಸ್ಟಾಪ್, ಹಿಡಿತದ ರಬ್ಬರ್, ಪ್ರೊಫೈಲ್‌ಗಳಿಗೆ. ಅವು ಬೇಕಿದ್ದರೆ ಖಂಡಿತ ಕೊಳ್ಳಿ. ಬಾಳಿಕೆಗೆ ಅಂತ ಕೊಳ್ಳಬೇಡಿ.

ಆದರೂ ಕೊಳ್ಳುವುದೇ ಆದರೆ ಮೊದಲು ಕೇಳಬೇಕಾದ್ದು, ಸ್ಟಿಕ್ ಬದಲಿಸಬಹುದೇ ಅಂತ. 2023ರ ಜನವರಿಯಲ್ಲಿ 200 ಡಾಲರ್‌ಗೆ ಬಂದ, ಪಿಎಸ್5ರ ಪ್ರೀಮಿಯಂ ಕಂಟ್ರೋಲರ್ ಆದ ಡ್ಯುಯಲ್‌ಸೆನ್ಸ್ ಎಡ್ಜ್‌ನಲ್ಲಿ ಬದಲಿಸಬಹುದು. ಹಿಂದಿನ ರಿಲೀಸ್ ಲಾಕ್ ಸರಿಸಿ, ಮುಂದಿನ ಕವರ್ ತೆಗೆದು, ಸಣ್ಣ ಲಿವರ್ ಎತ್ತಿ ಹಳೆ ಮಾಡ್ಯೂಲ್ ಎಳೆದು ಹೊಸದನ್ನು ಕೂರಿಸಿದರೆ ಆಯಿತು. ಮಾಡ್ಯೂಲ್‌ಗೆ ಆಗ 20 ಡಾಲರ್. ಆದರೆ ಇದರ ಬ್ಯಾಟರಿ 1050 ಎಂಎಎಚ್, ಮಾಮೂಲಿ ಡ್ಯುಯಲ್‌ಸೆನ್ಸ್‌ನದು 1560, ಹಾಗಾಗಿ ಬೇಗ ಖಾಲಿಯಾಗುತ್ತದೆ. ಎಕ್ಸ್‌ಬಾಕ್ಸ್ ಎಲೀಟ್ ಸೀರೀಸ್ 2ರಲ್ಲಿ ಮೇಲಿನ ಟೋಪಿಯನ್ನಷ್ಟೇ ಕಿತ್ತು ಬದಲಿಸಬಹುದು, ಕೆಳಗಿನ ಸೆನ್ಸರ್ ಬೋರ್ಡ್‌ಗೆ ಬೆಸೆದುಕೊಂಡಿರುತ್ತದೆ. ಸಾಮಾನ್ಯವಾಗಿ ಇಂಥ ಒಂದು ಸ್ಟಿಕ್ ಬಿಚ್ಚಲು 14 ಬೆಸುಗೆ ತೆಗೆಯಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡ್ ಕಡೆ ಹೋದರೂ ಕೈ ಪಳಗಿದವರಿಗೇ ಕೊಡಿ, ಸುಮ್ನೆ ಯಾರ ಕೈಗೋ ಕೊಟ್ಟರೆ ಬೋರ್ಡೇ ಹೋದೀತು.

ಬಾಳಿಕೆಯೇ ಮುಖ್ಯ ಅನ್ನುವವರು ಹಾಲ್ ಎಫೆಕ್ಟ್ ಅಥವಾ ಟಿಎಮ್ಆರ್ ಸ್ಟಿಕ್ ಇರುವುದನ್ನು ಹುಡುಕಿ. ಅಲ್ಲಿ ಆಯಸ್ಕಾಂತ ಮತ್ತು ಸೆನ್ಸರ್ ಒಂದಕ್ಕೊಂದು ತಾಗುವುದಿಲ್ಲ, ಸವೆಯಲು ಪಟ್ಟಿಯೇ ಇಲ್ಲ. ಸ್ಪ್ರಿಂಗ್ ಸಡಿಲವಾಗಬಹುದು, ಅಷ್ಟೇ. ಆದರೆ ಅದು ನಿಮ್ಮ ಕನ್ಸೋಲಿಗೆ ನಡೆಯುತ್ತದೆಯೇ ಅಂತ ಡಬ್ಬದ ಮೇಲೆ ಓದಿಕೊಳ್ಳಿ, ಯಾಕೆಂದರೆ ಪಿಸಿ ಮತ್ತು ನಿಂಟೆಂಡೊ ಸ್ವಿಚ್ ಕನ್ಸೋಲಿಗೆ ಮಾತ್ರ ನಡೆಯುವಂಥವು ಬೇಕಾದಷ್ಟಿವೆ.

ಬಿಲ್ ಜೋಪಾನ ಮಾಡಿ. ತಂದ ದಿನವೇ ಮೇಲೆ ಹೇಳಿದ ಸ್ಟಿಕ್ ಪರೀಕ್ಷೆ ಮಾಡಿ ಫೋಟೊ ತೆಗೆದಿಡಿ, ವಾರಂಟಿ ಮುಗಿಯುವ ಹಿಂದಿನ ತಿಂಗಳು ಇನ್ನೊಮ್ಮೆ ಮಾಡಿ. ಅಂಕಿ ಕೆಟ್ಟಿದ್ದರೆ ಆಗಲೇ ಸರ್ವಿಸ್‌ಗೆ ಕೊಡಿ.