ಸಿಸಿ ಆಮೇಲೆ, ಮೊದಲು ಎದೆಯ ಅಗಲ

ಸ್ತನ ದೊಡ್ಡದು ಮಾಡಿಸಿಕೊಳ್ಳಲು ಇಂಪ್ಲಾಂಟ್ ಹಾಕಿಸಬೇಕೆಂದು ನನ್ನ ಬಳಿ ಬರುವವರ ಮಾತು "300 ಸಿಸಿ ಹಾಕಿ ಡಾಕ್ಟ್ರೇ" ಅಂತಲೇ ಶುರುವಾಗುತ್ತದೆ. ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರುವುದಿಲ್ಲ, ಆಗಲೇ ಫೋನ್ ತೆಗೆದು ಯಾರದೋ ಫೋಟೊ ತೋರಿಸಿರುತ್ತಾರೆ. ಗೆಳತಿಗೆ 325 ಹಾಕಿದ್ದಾರಂತೆ, ಚೆನ್ನಾಗಿ ಕಾಣುತ್ತದಂತೆ, ಹಾಗಾಗಿ ಇವರಿಗೆ 300 ಸಾಕಂತೆ. ಆ ಸಂಖ್ಯೆಯನ್ನು ಕೇಸ್ ಶೀಟಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಅಷ್ಟೇ. ಅಳತೆ ಮುಗಿಯುವವರೆಗೆ ಅದರ ಬಗ್ಗೆ ವಾದಕ್ಕಿಳಿಯುವುದಿಲ್ಲ.

ಯಾಕೆಂದರೆ ಸಿಸಿ ಹೇಳುವುದು ಇಂಪ್ಲಾಂಟಿನೊಳಗೆ, ಅಂದರೆ ಸ್ತನದೊಳಗೆ ಇಡುವ ಸಿಲಿಕೋನ್ ಪೊಟ್ಟಣದೊಳಗೆ, ಎಷ್ಟು ಮಿಲಿಲೀಟರ್ ಜೆಲ್ ಇದೆ ಎನ್ನುವುದನ್ನು ಮಾತ್ರ. ಅದೇ 300 ಸಿಸಿ 13 ಸೆಂಮೀ ಆಸುಪಾಸಿನ ಅಗಲದಲ್ಲಿ ಚಪ್ಪಟೆಯಾಗಿ ಹರಡಿಕೊಂಡಿರಬಹುದು, ಇಲ್ಲವೇ 11 ಸೆಂಮೀ ಆಸುಪಾಸಿನ ಅಗಲದಲ್ಲಿ ಉಬ್ಬಿ ನಿಂತಿರಬಹುದು. ಎರಡೂ ಒಂದೇ ಮೈಗೆ ಹೊಂದುವುದಿಲ್ಲ. ಬ್ರಾ ಸೈಜ್ ಕೇಳಿದರಂತೂ ಕೈ ಮುಗಿಯುತ್ತೇನೆ. ಒಂದು ಕಂಪನಿಯ 34ಬಿ ಇನ್ನೊಂದು ಕಂಪನಿಗೆ 34ಸಿ. "ಸಿ ಕಪ್ ಗ್ಯಾರಂಟಿ" ಎನ್ನುವ ಸರ್ಜನ್ನನ್ನು ನಾನು ನಂಬುವುದಿಲ್ಲ.

ಅಳೆಯುವಾಗ ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತೇನೆ. ಗಂಡ, ಗೆಳತಿ, ಅಕ್ಕ, ಯಾರೇ ಆಗಲಿ. ನರ್ಸ್ ಮಾತ್ರ ಒಳಗಿರುತ್ತಾಳೆ. ಬಂದವರನ್ನು ನೆಟ್ಟಗೆ ನಿಲ್ಲಿಸಿ, ಕ್ಯಾಲಿಪರ್ ಹಿಡಿದು ಮೊದಲು ಸ್ತನದ ಬುಡದ ಅಗಲ ನೋಡುತ್ತೇನೆ. ಎದೆಮೂಳೆಯ ಕಡೆ ಎಲ್ಲಿ ಶುರು, ಕಂಕುಳ ಕಡೆ ಎಲ್ಲಿ ಮುಗಿಯುತ್ತದೆ ಎಂದು. 12.5 ಸೆಂಮೀ ಬಂತು ಎಂದುಕೊಳ್ಳಿ. ಆಮೇಲೆ ಒಳಬದಿಯಲ್ಲೂ ಹೊರಬದಿಯಲ್ಲೂ ಚರ್ಮ, ಕೊಬ್ಬು ಸೇರಿಸಿ ಚಿವುಟಿ ದಪ್ಪ ಅಳೆಯುತ್ತೇನೆ. ಒಂದು ಕಡೆ 1 ಸೆಂಮೀ, ಇನ್ನೊಂದು ಕಡೆ 1.4 ಸಿಕ್ಕಿತು. ಚಿವುಟಿದಾಗ ಸಿಗುವುದು ಎರಡು ಪದರ, ಇಂಪ್ಲಾಂಟಿನ ಮೇಲೆ ಕೂರುವುದು ಒಂದೇ ಪದರ. ಆದ್ದರಿಂದ ಎರಡನ್ನೂ ಕೂಡಿಸಿ ಅರ್ಧ ಮಾಡಿ ಕಳೆಯಬೇಕು. 12.5ರಲ್ಲಿ 1.2 ಹೋದರೆ 11.3. ಆಕೆಯ ಎದೆಗೆ ಅದಕ್ಕಿಂತ ಅಗಲದ ಇಂಪ್ಲಾಂಟ್ ನಾನು ಹಾಕುವುದಿಲ್ಲ. ಹಾಕಿದರೆ ಅದರ ಅಂಚು ಪಕ್ಕದಲ್ಲಿ ಬೆರಳಿಗೆ ಸಿಗುತ್ತದೆ, ಇಲ್ಲವೇ ಕಂಕುಳತ್ತ ಜರುಗಿ ಕೈ ಆಡಿಸಿದಾಗಲೆಲ್ಲ ತಗಲುತ್ತದೆ.

ಎರಡನೆಯದು ಚರ್ಮದ ಹಿಗ್ಗು. ಮೊಲೆತೊಟ್ಟಿನ ಅಂಚಿನ ಚರ್ಮವನ್ನು ಮುಂದಕ್ಕೆ ಎಳೆದರೆ ಎಷ್ಟು ಬರುತ್ತದೆ? ಮಕ್ಕಳಿಗೆ ಹಾಲೂಡಿಸಿದವರಲ್ಲಿ 3 ಸೆಂಮೀಗೂ ಮೀರಿ ಸಲೀಸಾಗಿ ಬರುತ್ತದೆ. ಒಳಗೆ ಜಾಗವಿದೆ, ಚೀಲ ಖಾಲಿಯಾಗಿದೆ. ಹೆರಿಗೆಯಾಗದ, ಸಣಕಲು ಮೈಯ ಹುಡುಗಿಯರಲ್ಲಿ 2 ಸೆಂಮೀ ಕೂಡ ಬರುವುದಿಲ್ಲ. ಅಮೆರಿಕದ ಡಲ್ಲಾಸಿನ ಪ್ಲಾಸ್ಟಿಕ್ ಸರ್ಜನ್ನರಾದ ಜಾನ್ ಟೆಬೆಟ್ಸ್ ಮತ್ತು ವಿಲಿಯಂ ಆಡಮ್ಸ್ 2005ರಲ್ಲಿ ಪ್ರಕಟಿಸಿದ ಐದು ಅಳತೆಗಳ ಪದ್ಧತಿಯೇ ನನಗೆ ಆಧಾರ. ಅದರ ಪ್ರಕಾರ ಬುಡದ ಅಗಲ 11.5 ಇದ್ದರೆ 275 ಸಿಸಿಯಿಂದ, 12 ಇದ್ದರೆ 300ರಿಂದ ಲೆಕ್ಕ ಶುರು. ಹಿಗ್ಗು 2ಕ್ಕಿಂತ ಕಡಿಮೆಯಿದ್ದರೆ 30 ಕಳೆ, 3 ದಾಟಿದರೆ 30 ಕೂಡಿಸು, 4 ದಾಟಿದರೆ 60. ತೊಟ್ಟಿನಿಂದ ಕೆಳಮಡಿಕೆಯವರೆಗೆ ಚರ್ಮ ಎಳೆದು ಅಳೆದಾಗ 9.5 ಸೆಂಮೀ ಮೀರಿದರೆ ಇನ್ನೊಂದು 30. ಕೂಡಿಸು ಕಳೆಯುವ ಲೆಕ್ಕ ಅಷ್ಟೇ, ಆದರೆ ಬಂದವರ ಕಣ್ಣೆದುರೇ ಕಾಗದದ ಮೇಲೆ ಮಾಡಿ ತೋರಿಸಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಎಲ್ಲರದ್ದೂ ಮುಗಿಯುವುದಿಲ್ಲ. 400 ಬೇಕೇ ಬೇಕು ಎಂದು ಬಂದಿದ್ದ ಒಬ್ಬರ ಬುಡದ ಅಗಲ 11.5, ಹಿಗ್ಗು 1.8. ಲೆಕ್ಕಕ್ಕೆ ಬಂದದ್ದು 245. "ಇದಕ್ಕೇನು ಇಷ್ಟು ದುಡ್ಡು ಕೊಡಬೇಕಾ?" ಅಂದರು. 400 ಹಾಕಿದರೆ ಮೊದಲ ಆರು ತಿಂಗಳು ಅವರು ಅಂದುಕೊಂಡ ಹಾಗೇ ಕಾಣಬಹುದು. ಆಮೇಲೆ ತೂಕಕ್ಕೆ ಕೆಳಗಿನ ಚರ್ಮ ಜಗ್ಗಿ ಇಂಪ್ಲಾಂಟ್ ಮಡಿಕೆ ದಾಟಿ ಇಳಿಯುತ್ತದೆ, ತೊಟ್ಟು ಮೇಲ್ಮುಖವಾಗುತ್ತದೆ. ಎರಡೂ ಸ್ತನಗಳನ್ನು ಹತ್ತಿರ ತರಲು ಎದೆಮೂಳೆಯ ಮೇಲಿನ ಹಿಡಿತ ಬಿಡಿಸಿದ್ದರೆ ಎರಡೂ ನಡುವೆ ಕೂಡಿಕೊಂಡು ಒಂದೇ ದಿಬ್ಬವಾಗುವುದೂ ಉಂಟು. ಇಂಪ್ಲಾಂಟನ್ನು ತೆಗೆಯಬಹುದು, ಆದರೆ ಅದು ಒತ್ತಿ ಒತ್ತಿ ತೆಳುವಾದ ಅಂಗಾಂಶ ವಾಪಸ್ ಬರುವುದಿಲ್ಲ. ಇಷ್ಟೆಲ್ಲ ಹೇಳಿದೆ. ಅವರು ಬೇರೆ ಕಡೆ ನೋಡುತ್ತೇನೆಂದು ಎದ್ದು ಹೋದರು. ಹೋಗಲಿ, ನಾನಂತೂ ಹಾಕುವವಳಲ್ಲ.

ಬೆಂಗಳೂರಿನ ಟ್ರಾನ್ಸ್ ಮಹಿಳೆಯರೂ ನನ್ನಲ್ಲಿಗೆ ಬರುತ್ತಾರೆ. ಅವರಲ್ಲಿ ಲೆಕ್ಕ ಸ್ವಲ್ಪ ಬೇರೆ. ಎದೆಗೂಡು ಅಗಲ, ಸ್ನಾಯು ದಪ್ಪ, ತೊಟ್ಟುಗಳು ಹೊರಬದಿಗೆ. ಅಗಲದ ಇಂಪ್ಲಾಂಟಿಗೆ ಜಾಗವಿದ್ದರೂ ನಡುವಿನ ಸಂದನ್ನು ಪೂರ್ತಿ ಮುಚ್ಚಲಾಗದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾರ್ಮೋನ್ ಶುರು ಮಾಡಿ ಒಂದು ವರ್ಷವಾದರೂ ಆಗಲಿ ಎಂದು ಕಾಯಿಸುತ್ತೇನೆ. ತಮ್ಮದೇ ಅಂಗಾಂಶ ಬೆಳೆದಷ್ಟೂ ಹೊದಿಕೆ ದಪ್ಪವಾಗುತ್ತದೆ.

ಲೆಕ್ಕದಿಂದ ಒಂದು ಮಿತಿ ಸಿಕ್ಕಿತು. ಅದರೊಳಗೆ ಎಷ್ಟು ಬೇಕು ಎನ್ನುವುದು ಮಾತ್ರ ಅವರ ಆಯ್ಕೆ. ಅದಕ್ಕೆ ಕ್ಲಿನಿಕ್ಕಿನಲ್ಲಿ ಬ್ರಾ ಒಳಗಿಡುವ ಸೈಜರ್‌ಗಳಿವೆ, ಆದರೆ ಹತ್ತು ನಿಮಿಷ ಕನ್ನಡಿ ಮುಂದೆ ನಿಂತು ತೀರ್ಮಾನಿಸುವುದು ನನಗೆ ಇಷ್ಟವಿಲ್ಲ. ಮನೆಗೆ ಹೋಗಿ ಅಳತೆಯ ಜಗ್ಗಿನಲ್ಲಿ 250 ಮಿಲಿ ಅಕ್ಕಿ ಅಳೆದು, ಹಳೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿ, ಸ್ಪೋರ್ಟ್ಸ್ ಬ್ರಾ ಒಳಗಿಟ್ಟುಕೊಂಡು ಒಂದು ಮಧ್ಯಾಹ್ನ ಕೆಲಸ ಮಾಡಿ ಎನ್ನುತ್ತೇನೆ. ಮೆಟ್ಟಿಲು ಹತ್ತಲಿ, ಮಗುವನ್ನು ಎತ್ತಿಕೊಳ್ಳಲಿ, ಸ್ಕೂಟರ್ ಓಡಿಸಲಿ. ರಾಗಿಯಾದರೂ ಸರಿ, ಅದು ಇನ್ನೂ ಮೆತ್ತಗೆ ಕೂರುತ್ತದೆ. ಆದರೆ ಕಾಳುಗಳ ನಡುವೆ ಗಾಳಿ ಇರುವುದರಿಂದ ತೂಕ ಕಮ್ಮಿ ಬರುತ್ತದೆ. 250 ಸಿಸಿಯ ಜೆಲ್ ಇಂಪ್ಲಾಂಟ್ ಸುಮಾರು 250 ಗ್ರಾಂ ತೂಗುತ್ತದೆ. ಎರಡೂ ಸೇರಿ ಅರ್ಧ ಕೆಜಿ, ಹಗಲೂ ರಾತ್ರಿ. ಹಾಗೇ ಬಟ್ಟೆಯೊಳಗೆ ಕಾಣುವಷ್ಟು ಉಬ್ಬು ಸ್ನಾಯುವಿನ ಕೆಳಗೆ ಕೂತ ಮೇಲೆ ಕಾಣುವುದಿಲ್ಲ, ಒತ್ತಿಹೋಗುತ್ತದೆ. ಮೇಲ್ಭಾಗದಲ್ಲಿ ಚಿವುಟಿದಾಗ 2 ಸೆಂಮೀ ಸಿಗದವರಿಗೆ ನಾನು ಸ್ನಾಯುವಿನ ಕೆಳಗೇ ಇಡುವುದು. ಇಲ್ಲದಿದ್ದರೆ ಮೇಲಂಚು, ಸುಕ್ಕು ಎಲ್ಲ ಚರ್ಮದಡಿ ಎದ್ದು ಕಾಣುತ್ತದೆ.

ಎಡ ಬಲ ಸಮ ಇರುವವರು ಕಡಿಮೆ. ಅದಕ್ಕೇ ಆಪರೇಷನ್ ಟೇಬಲ್ಲಿನಲ್ಲಿ ತಾತ್ಕಾಲಿಕ ಸೈಜರ್ ಇಟ್ಟು, ಅರಿವಳಿಕೆಯಲ್ಲಿರುವಾಗಲೇ ಟೇಬಲ್ ಎತ್ತಿ ಕೂರಿಸಿ, ಕಾಲಬುಡದ ಕಡೆ ಹೋಗಿ ನಿಂತು ನೋಡುತ್ತೇನೆ. ಮಲಗಿದ್ದಾಗ ಸಮ ಕಂಡದ್ದು ಕೂತಾಗ ಕಾಣದು. ಕೆಲವೊಮ್ಮೆ ಒಂದು ಬದಿಗೆ 25 ಸಿಸಿ ಹೆಚ್ಚು ಬೇಕಾಗುತ್ತದೆ. ಅದಕ್ಕೆ ಒಪ್ಪಿಗೆ ಮೊದಲೇ ಬರೆಸಿಕೊಂಡಿರುತ್ತೇನೆ.

ನಾನು ಬಳಸುವುದು ನುಣುಪು ಮೇಲ್ಮೈಯ ಇಂಪ್ಲಾಂಟ್. ಒರಟು ಮೇಲ್ಮೈಯವುಗಳ ಜೊತೆ ಲಿಂಫೋಮಾ ಎಂಬ ಕ್ಯಾನ್ಸರಿನ ಒಂದು ಅಪರೂಪದ ಬಗೆಯ ನಂಟು ಕಂಡುಬಂದು, 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೋರಿಕೆಯ ಮೇರೆಗೆ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಸೌಂದರ್ಯಕ್ಕಾಗಿ ಹಾಕುವ ಸಿಲಿಕೋನ್ ಜೆಲ್‌ಗೆ ಅದೇ ಎಫ್‌ಡಿಎ ಇಟ್ಟಿರುವ ವಯಸ್ಸಿನ ಮಿತಿ 22. ಕಾಲೇಜು ಹುಡುಗಿಯರು ಬಂದಾಗ ನಾನು ಅದನ್ನೇ ಹಿಡಿದು ಕೂರುತ್ತೇನೆ.

ಊತ ಇಳಿದ ಮೇಲೆ, ಮೂರನೆಯ ತಿಂಗಳಿನ ಹೊತ್ತಿಗೆ, "ಇನ್ನೊಂದು ಸ್ವಲ್ಪ ದೊಡ್ಡದು ಹಾಕಿಸಬಹುದಿತ್ತು ಅಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಬಂದೇ ಬರುತ್ತದೆ ಎಂದು ಆಪರೇಷನ್ನಿಗೆ ಮೊದಲೇ ಹೇಳಿರುತ್ತೇನೆ, ಕೇಳಿದವರಿಗೇ ನಗು ಬರುತ್ತದೆ. ಡಿಸ್ಚಾರ್ಜ್ ದಿನ ಇಂಪ್ಲಾಂಟಿನ ಡಬ್ಬಿಯ ಸ್ಟಿಕ್ಕರ್ ಅಂಟಿಸಿದ ಕಾರ್ಡನ್ನು ಕೈಗೆ ಕೊಡುತ್ತೇನೆ. ಕಂಪನಿ, ಸಿಸಿ, ಅಗಲ, ಸೀರಿಯಲ್ ನಂಬರ್ ಎಲ್ಲ ಅದರಲ್ಲಿದೆ. ಐದಾರು ವರ್ಷಕ್ಕೆ ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ಆಗ ಮೊದಲು ಕೇಳುವುದು ಆ ಕಾರ್ಡನ್ನೇ, ಹಾಗಾಗಿ ನನ್ನೆದುರೇ ಫೋನಿನಲ್ಲಿ ಅದರದ್ದೊಂದು ಫೋಟೊ ತೆಗೆಸುತ್ತೇನೆ.