ಡೆಟ್‌ನಲ್ಲಿ 'ಬಿ' ಹೇಳಬಾರದಂತೆ!

ಪಿಯುಸಿವರೆಗೂ ನಾನು ಕನ್ನಡ ಮಾಧ್ಯಮ. ಬಿಕಾಂ ಸೇರಿದ ಮೇಲೆ ಮೊದಲ ಸೆಮಿನಾರ್‌ನಲ್ಲಿ 'ಸಂಡ್ರಿ ಡೆಬ್ಟರ್ಸ್' ಎಂದು ಓದಿದೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಆಮೇಲೆ 'ರಿಸಿಪ್ಟ್', ಅದರ ಬೆನ್ನಿಗೇ 'ಮಾರ್ಟ್‌ಗೇಜ್'. ಮೂರರ ಅರ್ಥವೂ ಗೊತ್ತಿತ್ತು. ಸಾಲಗಾರ, ರಸೀದಿ, ಅಡಮಾನ. ಡೆಟರ್ಸ್, ರಿಸೀಟ್, ಮಾರ್ಗೇಜ್ ಎನ್ನಬೇಕು ಎಂದು ಬಾಯಿಗೆ ಮಾತ್ರ ಗೊತ್ತಿರಲಿಲ್ಲ.

ಕನ್ನಡದಲ್ಲಿ ಬರೆದಿದ್ದನ್ನು ಬರೆದ ಹಾಗೆ ಓದಿದರೆ ಮುಗಿಯಿತು. ಇಂಗ್ಲಿಷನ್ನೂ ನಾನು ಹಾಗೇ ಓದಿಕೊಂಡು ಬಂದಿದ್ದೆ, ಬರೀ ಕಣ್ಣಿನಿಂದ. ಡೆಟ್ (debt, ಅಂದರೆ ಸಾಲ) ಅನ್ನೋ ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ 'ಬಿ' ಇರಲೇ ಇಲ್ಲವಂತೆ. ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ್ದು. ಅವರ ಪಾಂಡಿತ್ಯಕ್ಕೆ ನಗೆಪಾಟಲಾದವನು ನಾನು!

ಅವತ್ತು ರಾತ್ರಿಯೇ ಫೋನಿಗೆ ಐದು ಆ್ಯಪ್ ಹಾಕಿಕೊಂಡೆ. ಒಂದು ಹಿಂದಿಯಲ್ಲಿ ಇಂಗ್ಲಿಷ್ ಕಲಿಸುತ್ತಿತ್ತು. ಮೊದಲು ಹಿಂದಿ ಅರ್ಥ ಮಾಡಿಕೊಳ್ಳಬೇಕು, ಆಮೇಲೆ ಇಂಗ್ಲಿಷ್! ಎರಡು ತಿಂಗಳು ಪಾಯಿಂಟ್ ಸೇರಿಸಿದ್ದೇ ಬಂತು. ಎಲ್ಲ ತೆಗೆದುಹಾಕಿದೆ.

ಕೈ ಹಿಡಿದಿದ್ದು ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ 'ಸಿಕ್ಸ್ ಮಿನಿಟ್ ಇಂಗ್ಲಿಷ್'. ಇಬ್ಬರು ಮಾತಾಡುತ್ತಾರೆ, ಶುರುವಿನಲ್ಲಿ ಒಂದು ಪ್ರಶ್ನೆ ಕೇಳಿ ಕೊನೆಯಲ್ಲಿ ಉತ್ತರ ಹೇಳುತ್ತಾರೆ, ನಡುವೆ ಆರು ಪದ ಕಲಿಸುತ್ತಾರೆ. ಆಡಿಯೋ ಡೌನ್‌ಲೋಡ್ ಮಾಡಿಕೊಳ್ಳಬಹುದು, ಪಠ್ಯವೂ ಸಿಗುತ್ತದೆ. ಎಲ್ಲಾ ಪುಕ್ಕಟೆ. ಮೊದಲು ದಿನಕ್ಕೊಂದು ಕೇಳುತ್ತಿದ್ದೆ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಆಮೇಲೆ ವಾರಕ್ಕೆ ಒಂದೇ ಎಂದು ನಿಗದಿ ಮಾಡಿಕೊಂಡೆ. ಸೋಮವಾರ, ಮಂಗಳವಾರ ಪಠ್ಯ ನೋಡದೆ ಕೇಳುವುದು. ಬುಧವಾರ ಪಠ್ಯ ತೆರೆದು, ಎಲ್ಲಿ ಕಿವಿ ಸೋತಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುವುದು. ಆಮೇಲಿನ ದಿನಗಳಲ್ಲಿ ಅವರ ಜೊತೆಜೊತೆಗೇ ಜೋರಾಗಿ ಓದುವುದು. ಹಾಸ್ಟೆಲ್ ಟೆರೇಸ್ ಮೇಲೆ ಒಬ್ಬನೇ ಮಾತಾಡುತ್ತಾ ಓಡಾಡುತ್ತಿದ್ದರೆ ಗೆಳೆಯರಿಗೆ ಅನುಮಾನ. ಯಾರೋ ಹುಡುಗಿ ಅಂದುಕೊಂಡಿದ್ದರು.

ಪೆನ್ಸಿಲ್ ಗುರುತುಗಳನ್ನು ನೋಡಿದಾಗ ಆಶ್ಚರ್ಯವಾಯಿತು. ನನಗೆ ಕೇಳದೆ ಹೋಗಿದ್ದು ದೊಡ್ಡ ಪದಗಳಲ್ಲ. ಟು, ಆಫ್, ಫಾರ್, ಎ, ಇಂಥ ಪುಡಿ ಪದಗಳು. ನಾವು ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟು ಮಾತಾಡುತ್ತೇವೆ. ಅವರು ಒಂದು ಕಡೆ ಒತ್ತಿ ಉಳಿದದ್ದನ್ನು ನುಂಗುತ್ತಾರೆ. 'ಕಂಫರ್ಟೇಬಲ್' ಅವರ ಬಾಯಲ್ಲಿ 'ಕಂಫ್ಟಬಲ್'. ಇನ್ನೊಂದು ಮಜಾ ಇದೆ. ಇದು ಮಾತಿಗೆ ಮಾತು ಇಳಿಸಿದ್ದಲ್ಲ ಎಂದು ಆ ಪಠ್ಯದ ಮೇಲೆ ಅವರೇ ಬರೆದಿರುತ್ತಾರೆ. ಆಡಿಯೋಗೂ ಪಠ್ಯಕ್ಕೂ ಎಲ್ಲಿ ವ್ಯತ್ಯಾಸ ಇದೆ ಎಂದು ಹುಡುಕತೊಡಗಿದೆ. ಮೊದಲನೇ ವ್ಯತ್ಯಾಸ ಕಿವಿಗೆ ಸಿಕ್ಕ ದಿನ ಕ್ಯಾಂಟೀನಿನಲ್ಲಿ ಎರಡು ಮಿರ್ಚಿ ಜಾಸ್ತಿ ತಿಂದೆ.

ಬಿಬಿಸಿ ವೇಗ ಎನಿಸಿದ ವಾರ ವಿಒಎ (ವಾಯ್ಸ್ ಆಫ್ ಅಮೆರಿಕ) ಲರ್ನಿಂಗ್ ಇಂಗ್ಲಿಷ್ ಕೇಳುತ್ತಿದ್ದೆ. 1959ರಲ್ಲಿ ರೇಡಿಯೋದಲ್ಲಿ ಶುರುವಾದಾಗ ಅದರ ಪದ್ಧತಿ ಇದಾಗಿತ್ತು. ಸುಮಾರು 1,500 ಪದ, ಗಿಡ್ಡ ವಾಕ್ಯ, ನಿಧಾನದ ಓದು. ಸುದ್ದಿಯನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡಿದ್ದು ಅಲ್ಲೇ ಮೊದಲು.

ನಿಘಂಟಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಇಂಗ್ಲಿಷ್ ಪದಕ್ಕೆ ಲಾಂಗ್‌ಮನ್ ನಿಘಂಟಿನ ಆನ್‌ಲೈನ್ ಆವೃತ್ತಿ ನೋಡುತ್ತೇನೆ. ಅರ್ಥ ಹೇಳಲು ಅವರು ಬಳಸುವುದು ಸುಮಾರು 2,000 ಸುಲಭ ಪದ ಮಾತ್ರ. ಪದದ ಉಚ್ಚಾರಣೆ ಮಾತ್ರವಲ್ಲ, ಉದಾಹರಣೆ ವಾಕ್ಯಗಳನ್ನೂ ಕೇಳಬಹುದು. ಬರೆಯುವಾಗ ಇದು ಉಲ್ಟಾ. ಕನ್ನಡ ಪದ ನಾಲಿಗೆ ತುದಿಯಲ್ಲಿರುತ್ತದೆ, ಇಂಗ್ಲಿಷ್ ಹೊಳೆಯುವುದಿಲ್ಲ. ಆಗ 'ಅಲರ್'. ವಿ. ಕೃಷ್ಣ ಅವರು ಸುಮಾರು ನಲವತ್ತು ವರ್ಷ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು, 2019ರಲ್ಲಿ ಆನ್‌ಲೈನ್‌ಗೆ ಬಂತು. ಸಿಕ್ಕ ಪದವನ್ನು ಹಾಗೇ ಇಳಿಸಬಾರದು, ಲಾಂಗ್‌ಮನ್‌ನಲ್ಲಿ ಒಮ್ಮೆ ನೋಡಿಕೊಂಡೇ ಬಳಸಬೇಕು. ಇಲ್ಲವಾದರೆ ಯಾರೂ ಬಳಸದ ಪದ ಬಳಸಿಬಿಡುತ್ತೇವೆ.

ಇಷ್ಟಾದರೂ ವ್ಯಾಕರಣ ಕಾಡಿತು. 'ಐ ಆ್ಯಮ್ ಸ್ಟೇಯಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್' ಎನ್ನುತ್ತಿದ್ದೆ. ನಮಗೆ '2019ರಿಂದ' ಎನ್ನುವುದಕ್ಕೂ 'ಎರಡು ವರ್ಷದಿಂದ' ಎನ್ನುವುದಕ್ಕೂ ಒಂದೇ 'ಇಂದ' ಸಾಕು, ಅಲ್ವಾ? ಅವರಿಗೆ ಇಸವಿಗೆ 'ಸಿನ್ಸ್', ಅವಧಿಗೆ 'ಫಾರ್'. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್‌ನಲ್ಲಿ ಎ1, ಅಂದರೆ ತೀರಾ ಆರಂಭದ ಹಂತದಿಂದ ಅಭ್ಯಾಸ ಮಾಡಿದೆ. ಬಿಕಾಂ ವಿದ್ಯಾರ್ಥಿ ಎ1ರಿಂದ ಶುರು ಮಾಡುವುದಾ ಎಂದು ನಾಚಿಕೆಯಾಗಿತ್ತು. ಮಾಡಿದ್ದು ಒಳ್ಳೇದಾಯಿತು.

ಹೊಸ ಪದ ಬಾಯಿಗೆ ಬರಬೇಕಾದರೆ ಈಗಲೂ ಯೂಗ್ಲಿಷ್ ತೆರೆಯುತ್ತೇನೆ. ಪದ ಟೈಪ್ ಮಾಡಿದರೆ, ಯೂಟ್ಯೂಬ್ ವಿಡಿಯೋಗಳಲ್ಲಿ ಜನ ಅದನ್ನು ಹೇಳಿದ ಜಾಗವನ್ನೇ ಹುಡುಕಿ ತೋರಿಸುತ್ತದೆ. ಒಂದೇ ಪದ, ಹತ್ತು ಬಾಯಿ. ಫೋನಿನ ವಾಯ್ಸ್ ಟೈಪಿಂಗ್‌ನಲ್ಲಿ ಉಚ್ಚಾರಣೆ ಪರೀಕ್ಷಿಸಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಅಕ್ಕಪಕ್ಕದ ಪದ ನೋಡಿ ಊಹಿಸಿ, ತಪ್ಪನ್ನೂ ಸರಿ ಮಾಡಿ ಬರೆದುಬಿಡುತ್ತದೆ.

ಕೊನೆಯ ವರ್ಷದ ಸೆಮಿನಾರ್‌ನಲ್ಲಿ ಮತ್ತೆ 'ರಿಸೀಟ್ಸ್ ಆ್ಯಂಡ್ ಪೇಮೆಂಟ್ಸ್' ಬಂತು. ಪಕ್ಕದಲ್ಲಿದ್ದ ಜೂನಿಯರ್ ಮೆಲ್ಲಗೆ ಕೇಳಿದ, "ಅಣ್ಣಾ, 'ಪಿ' ಬಿಟ್ಟುಬಿಟ್ರಲ್ಲ?"

"ರಸೀದಿ ಅನ್ನುವಾಗ 'ಪ' ಹೇಳ್ತೀಯೇನೋ?" ಅಂದೆ.