ಉಳಿದ ಚೂರು ಬಟ್ಟೆಯಲ್ಲಿ ಊರಿಗೆ ಹೋಗುವ ಸಂಚಿ

ಬ್ಲೌಸ್ ಹೊಲಿಸಿದ ಮೇಲೆ ಉಳಿದ ಬಟ್ಟೆಯನ್ನು ಟೈಲರ್ ಹತ್ತಿರ ಕೇಳಿ ವಾಪಸ್ ತನ್ನಿ. ನಮ್ಮ ಮನೆಯಲ್ಲಿ ಅದಕ್ಕೆಂದೇ ಒಂದು ಹಳೇ ದಿಂಬಿನ ಕವರ್ ಇದೆ. ಇಳಕಲ್ ಸೀರೆಯ ತುಂಡು, ಗುಳೇದಗುಡ್ಡದ ಖಣ, ಮೊಮ್ಮಗಳ ಲಂಗದ ಅಂಚು, ಎಲ್ಲ ಅದರಲ್ಲೇ. ಊರಿಗೆ ಹೊರಟರೆ ಬ್ರಶ್, ಪೇಸ್ಟ್, ಸೋಪು, ಬಾಚಣಿಗೆ, ಎಣ್ಣೆ ಬಾಟಲಿ ಇಟ್ಟುಕೊಳ್ಳಲು ಒಂದು ಸಂಚಿ ಬೇಕೇ ಬೇಕಲ್ವಾ? ಅದಕ್ಕೆ ಈ ಚೂರುಗಳೇ ಸಾಕು.

ಮೊದಲು ಚೂರುಗಳನ್ನೆಲ್ಲ ನೀರಲ್ಲಿ ನೆನೆಸಿ. ಒದ್ದೆ ಇರುವಾಗಲೇ ಒಂದು ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ತುಂಡನ್ನು ಇನ್ನೆರಡು ಸಲ ತೊಳೆಯಿರಿ, ಆಗಲೂ ಬಿಟ್ಟರೆ ಬೇರೆ ಕಡೆಗೆ ಇಡಿ. ಖಣ ಬೇಗ ಎಳೆ ಬಿಡುತ್ತದೆ, ಅದನ್ನು ಜೋಡಿಸುವಾಗ ಅಂಚಿಗೆ ಅರ್ಧ ಇಂಚಾದರೂ ಬಿಟ್ಟು ಹೊಲಿಯಿರಿ.

ಹಳೇ ಬಟ್ಟೆಯ ಪದರಗಳನ್ನು ಸೇರಿಸಿ ಹೊದಿಕೆ ಹೊಲಿಯುವ ಕೌದಿಯ ಕೆಲಸವೇ ಇದು, ಸಣ್ಣದು ಅಷ್ಟೇ. ಚೂರುಗಳನ್ನು ಜೋಡಿಸಿ 12 ಇಂಚು ಅಗಲ, 16 ಇಂಚು ಉದ್ದದ ಒಂದು ತುಂಡು ಮಾಡಿಕೊಳ್ಳಿ. ಅದರ ಕೆಳಗೆ ಹಳೇ ಕಾಟನ್ ಸೀರೆಯನ್ನು ಮೂರು ಮಡಿಕೆ ಮಾಡಿ ಇಡಿ. ತುಂಬ ಜನ ಅಂಗಡಿಯಿಂದ ಸ್ಪಾಂಜ್ ಶೀಟ್ ತರುತ್ತಾರೆ. ಬೇಡ. ಒದ್ದೆಯಾದರೆ ಬೇಗ ಒಣಗುವುದಿಲ್ಲ, ವಾಸನೆ ಹಿಡಿಯುತ್ತದೆ. ಇಪ್ಪತ್ತು ವರ್ಷ ಒಗೆದು ತೆಳ್ಳಗಾದ ಸೀರೆ ಇದೆಯಲ್ಲ, ಸೂಜಿ ಅದರೊಳಗೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ.

ದಾರಕ್ಕೆ ಮೇಣದಬತ್ತಿ ಸವರಿಕೊಳ್ಳಿ, ಗಂಟು ಬೀಳುವುದಿಲ್ಲ. ಒಂದು ಮೊಳಕ್ಕಿಂತ ಉದ್ದ ದಾರ ಪೋಣಿಸಬೇಡಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ದೊಡ್ಡ ಕೌದಿಗೆ ಅದು ಚಂದ. ಸಂಚಿಗೆ ಮಾತ್ರ ನಾನು ನಡುವಿನಿಂದಲೇ ಶುರು ಮಾಡುತ್ತೇನೆ. ಬಟ್ಟೆ ಸರಿದರೆ ಅಂಚಿಗೆ ಸರಿಯಲಿ, ಅಲ್ಲಿ ಕತ್ತರಿಸಿ ಬಿಡಬಹುದು. ಒಂದೊಂದು ಹೊಲಿಗೆ ಜೋಳದ ಕಾಳಿನಷ್ಟು ಇರಲಿ, ಸಾಲುಗಳ ನಡುವೆ ಒಂದು ಬೆರಳು ಜಾಗ. ದಾರ ಬಿಗಿ ಎಳೆಯಬೇಡಿ. ಹೊಲಿದ ಮೇಲೆ ಬಟ್ಟೆ ಸ್ವಲ್ಪ ಕುಗ್ಗುತ್ತದೆ, ಅದಕ್ಕೇ ದೊಡ್ಡದಾಗಿ ಶುರು ಮಾಡಿದ್ದು. ಈಗ 10ಕ್ಕೆ 14 ಇಂಚು ಅಳತೆ ಹಾಕಿ ಕತ್ತರಿಸಿ.

ಇನ್ನು ಒಳಗಿನ ಲೈನಿಂಗ್. ನನ್ನ ಮೊದಲ ಸಂಚಿಯಲ್ಲಿ ಲೈನಿಂಗನ್ನೂ ಸೇರಿಸಿ ಕೌದಿ ಹೊಲಿದುಬಿಟ್ಟಿದ್ದೆ. ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ಕೊಬ್ಬರಿ ಎಣ್ಣೆಯ ಮುಚ್ಚಳ ಸಡಿಲವಾಯಿತು. ಸೂಜಿ ಚುಚ್ಚಿದ ಪ್ರತಿ ತೂತಿನಿಂದ ಎಣ್ಣೆ ಇಳಿದು, ಕೆಳಗಿದ್ದ ರೇಷ್ಮೆ ಸೀರೆಗೆ ಹತ್ತಿತು. ಆ ಕಲೆ ಇವತ್ತಿಗೂ ಹೋಗಿಲ್ಲ. ಆಮೇಲೆ ಲೈನಿಂಗನ್ನು ಬೇರೆಯಾಗಿಯೇ ಹಾಕುತ್ತೇನೆ, ಅದಕ್ಕೆ ಕೌದಿ ಹೊಲಿಗೆ ಸೋಕಿಸುವುದಿಲ್ಲ. ಮುರಿದ ಕೊಡೆಯ ಬಟ್ಟೆ ಇದಕ್ಕೆ ಬಲು ಒಳ್ಳೆಯದು. ಇದಕ್ಕೂ ಅದೇ 10ಕ್ಕೆ 14 ಇಂಚಿನ ಅಳತೆ, ಕೊಡೆಯ ಒಂದೇ ಪಟ್ಟಿಯ ಅಗಲ ಸಾಲದು, ಪಕ್ಕಪಕ್ಕದ ಎರಡು ಪಟ್ಟಿಗಳನ್ನು ಬಿಚ್ಚದೆ ಹಾಗೇ ಬಳಸಿ. ನಡುವಿನ ಹೊಲಿಗೆಯ ಮೇಲೆ ಮೇಣದಬತ್ತಿ ಚೆನ್ನಾಗಿ ಉಜ್ಜಿ. ಗುಂಡುಸೂಜಿ ಬೇಡ, ಅದೂ ತೂತು ಮಾಡುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಹಿಡಿಯಿರಿ. ಇಸ್ತ್ರಿ ತಾಗಿಸಲೇಬೇಡಿ, ಮುದುಡಿಹೋಗುತ್ತದೆ.

ಜಿಪ್ 12 ಇಂಚಿನದು ತನ್ನಿ. ಪ್ಲಾಸ್ಟಿಕ್ ಸುರುಳಿಯದೇ ಇರಲಿ, ಲೋಹದ್ದು ಬಚ್ಚಲ ತೇವಕ್ಕೆ ತುಕ್ಕು ಹಿಡಿಯಬಹುದು. ಹೊರಬಟ್ಟೆಯ ಸೀದಾ ಭಾಗದ ಮೇಲೆ ಜಿಪ್ ಬೋರಲು ಇಟ್ಟು, ಅದರ ಮೇಲೆ ಲೈನಿಂಗ್ ಬೋರಲು ಹಾಕಿ, ಮೂರನ್ನೂ ಸೇರಿಸಿ 10 ಇಂಚಿನ ಅಂಚಿಗೆ ಒಂದು ಹೊಲಿಗೆ. ಜಿಪ್ಪಿನ ಇನ್ನೊಂದು ಬದಿಯನ್ನು ಎದುರಿನ ಅಂಚಿಗೂ ಹಾಗೇ ಹೊಲಿಯಿರಿ. ಈಗ ಜಿಪ್ ಅರ್ಧ ತೆರೆದಿಡಿ. ಇದನ್ನು ಮರೆತರೆ ಸಂಚಿಯನ್ನು ಮಗುಚಲು ಆಗುವುದಿಲ್ಲ, ಎಲ್ಲ ಬಿಚ್ಚಬೇಕು! ಹೊರಬಟ್ಟೆಗೆ ಹೊರಬಟ್ಟೆ, ಲೈನಿಂಗಿಗೆ ಲೈನಿಂಗ್ ಎದುರುಬದುರು ಬರುವಂತೆ ಮಡಚಿ ಎರಡೂ ಮಗ್ಗುಲು ಹೊಲಿಯಿರಿ. ಲೈನಿಂಗಿನ ಒಂದು ಮಗ್ಗುಲಲ್ಲಿ ನಾಲ್ಕು ಬೆರಳು ಹಿಡಿಸುವಷ್ಟು ಬಾಯಿ ಬಿಡಿ. ಕೆಳಗಿನ ಮೂಲೆಗಳನ್ನು ತ್ರಿಕೋನ ಬರುವಂತೆ ಚಪ್ಪಟೆ ಮಾಡಿ, 2 ಇಂಚು ಅಗಲ ಇರುವಲ್ಲಿ ಅಡ್ಡ ಹೊಲಿಗೆ ಹಾಕಿದರೆ ಸಂಚಿ ತಾನೇ ನಿಲ್ಲುತ್ತದೆ. ಲೈನಿಂಗಿನ ಮೂಲೆಗಳಿಗೂ ಇದೇ. ಬಿಟ್ಟ ಬಾಯಿಂದ ಮಗುಚಿ, ಅದನ್ನು ಕೈಯಲ್ಲಿ ಮುಚ್ಚಿಬಿಡಿ.

ಎಣ್ಣೆ ಬಾಟಲಿಯ ಬಾಯಿಗೆ ಒಂದು ಚೂರು ಪ್ಲಾಸ್ಟಿಕ್ ಇಟ್ಟು ಮುಚ್ಚಳ ತಿರುಗಿಸುವುದನ್ನು ಮಾತ್ರ ಬಿಡಬೇಡಿ. ಊರಿಂದ ಬಂದ ದಿನವೇ ಸಂಚಿ ತೊಳೆದು, ಒಳಗಿನದನ್ನು ಹೊರಗೆ ಮಾಡಿ, ನೆರಳಲ್ಲಿ ಒಣಹಾಕಿ.